ಅರ್ಹ ಅಭ್ಯರ್ಥಿ ಲಭ್ಯವಿಲ್ಲ

ಹನ್ನೊಂದು ವರ್ಷ ಈ ಸಾಲನ್ನು ನಾನೇ ಬರೆದೆ,
ಕೆಂಪು ಶಾಯಿಯಲ್ಲಿ, ಅಕ್ಷರ ದುಂಡಗೆ.
ಕಾರವಾರದ ಉಪ್ಪುಗಾಳಿಗೆ ರೋಸ್ಟರ್ ವಹಿಯ
ಪಿನ್ನು ತುಕ್ಕು ಹಿಡಿಯಿತು, ಅಂಚು ಉದುರಿತು,
ಸಾಲು ಮಾತ್ರ ಮಾಸಲಿಲ್ಲ.
ಲಭ್ಯವಿಲ್ಲ ಎಂದರೆ
ಯಾರೂ ಹುಡುಕಿಲ್ಲ ಎಂದು ಓದಿಕೊಳ್ಳಬೇಕು.
ನನಗದು ಗೊತ್ತಿತ್ತು. ಷರಾ ಕಾಲಮ್ಮಿನಲ್ಲಿ
ಅಷ್ಟು ಜಾಗ ಇರಲಿಲ್ಲ, ಎನ್ನೋಣ.

ಈ ಜೂನಿನಲ್ಲಿ ಆ ಖಾಲಿ ಬಿಂದುವಿಗೆ ಒಬ್ಬಳು ಬಂದಳು.
ಲುಸ್ಯಾ ಮಿಂಗೇಲ ಸಿದ್ದಿ, ಹಳಿಯಾಳದ ಆಚೆಯವಳು.
ಹೊಸ ಚಪ್ಪಲಿ ಕಚ್ಚಿದ ಹಿಮ್ಮಡಿ, ಸ್ಟೀಲಿನ ಡಬ್ಬಿ,
ಪ್ಲಾಸ್ಟಿಕ್ ಕವರಿನಲ್ಲಿ ಜಾತಿ ಪ್ರಮಾಣಪತ್ರದ ಆರು ಪ್ರತಿ.
ಒಂದು ಸಾಕು, ಎಂದೆ.
'ಇರಲಿ ಸರ್, ಎಲ್ಲ ಕಡೆ ಕೇಳ್ತಾರೆ.'

ಮೂರನೇ ಕಿಟಕಿ ಅವಳದು, ವೃದ್ಧಾಪ್ಯ ವೇತನ.
ಮೊದಲ ವಾರ ಅಲ್ಲಿ ಸಾಲೇ ಇಲ್ಲ.
ಎರಡರಲ್ಲಿ ಕೂತ ನಾಯಕರು ಬೆವರಿದರು.
ಒಬ್ಬರು ನನ್ನ ಕಿವಿಯ ಹತ್ತಿರ ಬಾಗಿ
'ಆಫ್ರಿಕಾದವರಿಗೂ ಕೊಡ್ತಾರಾ ಈಗ?'
ನಾನು ನಕ್ಕೆನೋ ಕೆಮ್ಮಿದೆನೋ, ನೆನಪಿಲ್ಲ.
ನೆನಪಿದೆ. ನಕ್ಕೆ.

ಬೈತಖೋಲದ ಶೇವಂತಿ ಹರಿಕಂತ್ರ
ಮೀನಬುಟ್ಟಿ ಮೆಟ್ಟಿಲಲ್ಲಿಟ್ಟು ನಾಲ್ಕೂ ಕಿಟಕಿ ಹಣಕಿದಳು,
'ನಮ್ಮ ಬದಿಯೋರು ಯಾರೂ ಇಲ್ವಾ?'
ಉತ್ತರ ಬಂದದ್ದು ಮೂರರಿಂದ:
'ಮಾಂಯ್, ಹಾಂಗಾ ಯೋ. ಕಾಗದ್ ದಿ.'
ಮುದುಕಿ ಮುಖ ನೋಡಿದಳು,
ಆ ದನಿ ಇನ್ನೊಮ್ಮೆ ಕೇಳಲೆಂದೇ
ಹೆಸರು ಕೇಳಿದಳು.
ಆಮೇಲೆ ಸಾಲು ಸ್ವಲ್ಪ ಸ್ವಲ್ಪವಾಗಿ ಆ ಕಡೆ ವಾಲಿತು.

ಸಂಜೆ ಕೋಡಿಬಾಗದಲ್ಲಿ ಬಸ್ಸಿಗೆ ಕಾಯುತ್ತ
ಕಾಳಿಯತ್ತ ಗದ್ದ ಎತ್ತಿ ತೋರಿಸಿದಳು:
'ನಮ್ಮ ಬದಿಯ ನೀರು ಸರ್ ಇದು.
ಎಷ್ಟು ಕಡೆ ಕಟ್ಟಿ ನಿಲ್ಸಿದಾರೆ. ಆದ್ರೂ ಬಂತು ನೋಡಿ.'
ಅಣೆಕಟ್ಟುಗಳನ್ನು ಮನಸ್ಸಿನಲ್ಲೇ ಎಣಿಸಿದೆ,
ಒಂದು ಮರೆತೆ.

ಇಲ್ಲಿಗೆ ಮುಗಿದಿದ್ದರೆ ನನಗೂ ಹಿತವಿತ್ತು.
ನಿನ್ನೆ ಚಹಾ ತಂದ ಸೋಮಿ ಗೌಡ,
ಕತ್ತಿನ ತುಂಬ ಮಣಿಸರ, ಇಪ್ಪತ್ತು ವರ್ಷದ ದಿನಗೂಲಿ,
ತೆರೆದ ವಹಿಯ ಮೇಲೆ ಬೆರಳಿಟ್ಟಳು.
ಓದು ಬಾರದ ಬೆರಳು ಸಾಲಿನಿಂದ ಸಾಲಿಗೆ ಜಾರಿತು.
'ಹಾಲಕ್ಕಿಯೋರು ನಾವು ಇದ್ರಲ್ಲಿ ಎಲ್ಲಿದೀವು, ಒಡೆಯಾ?'
ಇದೀರಿ, ಎಂದೆ. ಪ್ರವರ್ಗ ಒಂದರಲ್ಲಿ,
ಬಹಳ ಜನರ ಜೊತೆ.
'ಜೊತೆಗಾ? ಹಿಂದಾ?'

ಅವಳು ಲೋಟ ಎತ್ತಿಕೊಂಡು ಹೋದಳು.
ನನ್ನ ನಿವೃತ್ತಿಗೆ ಏಳು ತಿಂಗಳಿದೆ.
ಕೆಂಪು ಶಾಯಿ ಇನ್ನೂ ಅರ್ಧ ಬಾಟಲಿ.