ಬಾಯಿ ಬಿಡದ ಅಕ್ಷರ

ದಿನಗೂಲಿ ಲೆಕ್ಕದ ಇನ್ಸ್‌ಪೆಕ್ಟರು ನಾನು.
ಮಿಕ್ಕ ದಿನ ವೇಕ್‌ಫೀಲ್ಡಿನಲ್ಲಿ ಉಪ ಮುಖ್ಯೋಪಾಧ್ಯಾಯಿನಿ,
ಊಟದ ಸಾಲು ನೇರ ಮಾಡುವವಳು,
ಮೂಗೊರೆಸುವ ಕಾಗದಕ್ಕೆ ಆರ್ಡರು ಬರೆಯುವವಳು.
ವರ್ಷಕ್ಕೆ ಹದಿನಾರು ದಿನ ಮಾತ್ರ ಕೊರಳಿಗೆ ಈ ಪಟ್ಟಿ,
ತುದಿಗೆ ನನ್ನದೇ ಮುಖ, ನಗಬೇಡಿ ಎಂದು ಹೇಳಿ ತೆಗೆದದ್ದು.

ಒಪ್ಪಂದ ಹೇಳುತ್ತದೆ:
ಈ ಶಾಲೆಯಲ್ಲಿ ನಿನಗೆ ನಂಟರಿಲ್ಲ, ಹಗೆಗಳಿಲ್ಲ,
ಹಿಂದೆ ಇಲ್ಲಿ ಸಂಬಳ ಎಣಿಸಿಲ್ಲ, ನಾಳೆ ಕೆಲಸ ಕೇಳುವುದಿಲ್ಲ.
ಕಂಡದ್ದು ಬರೆ. ಕಾಣದ್ದು ಬರೆಯಬೇಡ.
ಬರೆದದ್ದು ಮನೆಗೊಯ್ಯಬೇಡ.
ಚಹಾ ಕುಡಿಯಬಹುದು.
ಸಹಿ ಹಾಕಿದ್ದೇನೆ.

ನಿನ್ನೆ ಹತ್ತೂವರೆಗೆ ಫೋನು, ಇವತ್ತು ಎಂಟಕ್ಕೆ
ಗ್ರಿಮ್ಸ್‌ಬಿಯ ಗೇಟಿನಲ್ಲಿ ನಾವು.
ಹಂಬರ್ ಸಮುದ್ರಕ್ಕೆ ಬಾಯ್ತೆರೆದ ಕಡೆಯಿಂದ ಗಾಳಿ,
ಗಾಳಿಗೆ ಹೊಗೆ ಹಾಕಿದ ಮೀನಿನ ವಾಸನೆ.
ಹೆಡ್‌ಮಾಸ್ತರ್ ಥ್ಯೂಲಿಸ್ ಗಡ್ಡ ಹೆರೆದ ಆತುರಕ್ಕೆ
ಗದ್ದದ ಮೇಲೊಂದು ಕಾಗದದ ಚೂರು, ನಡುವೆ ಕೆಂಪು ಚುಕ್ಕೆ.
ಹೇಳಲೋ ಬೇಡವೋ? ಅದಕ್ಕೆ ಕಲಮಿಲ್ಲ.
ಮಧ್ಯಾಹ್ನದವರೆಗೂ ಅಲ್ಲೇ ಇತ್ತು.

ಶಿರಹಟ್ಟಿಯಲ್ಲಿ ಸಾಹೇಬರು ಬರುವುದು
ವಾರದ ಮೊದಲೇ ಗೊತ್ತಿರುತ್ತಿತ್ತು.
ತೊಂಡೆಸೊಪ್ಪು, ಇದ್ದಿಲು ಅರೆದು ಹಲಗೆಗೆ ಬಳಿದವರು ನಾವೇ,
ಎರಡು ದಿನ ಅಂಗೈ ಕಪ್ಪು.
"ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ,
ಎತ್ತೋದು ಮಾತ್ರ ಎಲ್ಲಾರೂ ಎತ್ರಿ," ಅಂದಿದ್ದರು ಕಲ್ಲಾಪುರ ಮಾಸ್ತರು.
ನಾನು ಎಡಚಿ. ಗೊತ್ತಿದ್ದದ್ದಕ್ಕೂ ಎಡಗೈಯೇ ಎದ್ದಿತು.
ಯಾರೂ ಕೇಳಲಿಲ್ಲ.
ಹೊರಡುವಾಗ ಸಾಹೇಬರ ಸೈಕಲ್ಲಿಗೆ ಒಂದು ಗಂಟು,
ಹಸಿ ಶೇಂಗಾ, ಮೇಲೊಂದು ಅಚ್ಚು ಬೆಲ್ಲ.

ಅದಕ್ಕೇ ಇರಬೇಕು, ಕೈ ಎತ್ತದವರನ್ನೇ ನಾನು ಕರೆಸುವುದು.
ಓದಿನಲ್ಲಿ ಹಿಂದೆ ಬಿದ್ದವರ ಪಟ್ಟಿ ಕೊಡಿ.

ಕೋರಿ. ಆರು ವರ್ಷ. ಶರ್ಟಿನ ಗುಂಡಿ ಒಂದು ಮನೆ ತಪ್ಪಿದೆ.
ಬೆರಳಿಟ್ಟು ದೋಣಿ ದಾಟಿದ, ಹಗ್ಗ ದಾಟಿದ,
ಆಮೇಲೆ ನಾಲ್ಕೇ ಅಕ್ಷರ:
"ಕ್... ಕ್‌ನ... ಕ್‌ನಾಟ್."
ನನ್ನನ್ನು ನೋಡಿದ.

ನಮ್ಮಲ್ಲಿ ಬರೆದ ಅಕ್ಷರಕ್ಕೆಲ್ಲ ದನಿಯುಂಟು,
ಒತ್ತಕ್ಷರವೂ ಬುಡದಲ್ಲಿ ಕೂತು ತನ್ನ ಪಾಲು ಕೇಳುತ್ತದೆ.
ಇಲ್ಲಿ ಈ ಕೆ ಎಲ್ಲರಿಗಿಂತ ಮುಂದೆ
ಎದೆ ಸೆಟೆಸಿ ನಿಂತು ಬಾಯಿ ಬಿಡುವುದಿಲ್ಲ.
ನಾನೂ ಬಿಡುವಂತಿಲ್ಲ.
ಹೇಳಿಕೊಟ್ಟರೆ ಟೀಚರು, ತಲೆಯಾಡಿಸಿದರೂ ಟೀಚರು,
ಕಾಯುವುದಕ್ಕೆ ನನಗೆ ಕೂಲಿ.

ಚಿತ್ರ ನೋಡಿದ. "ನಾಟ್!"
"ನಮ್ಮ ತಾತ ಕಣ್ಣು ಮುಚ್ಚಿ ಹಾಕ್ತಾನೆ, ಹನ್ನೊಂದು ಥರ,
ನಂಗೆ ಮೂರು ಬರುತ್ತೆ."
ಪಟ್ಟಿ ಕಳಚುವಂತಿಲ್ಲ ಎಂದೆ. ಮೇಜಿನ ಮೇಲೆ ಬಾಗಿ
ಕೊರಳಲ್ಲಿ ಇದ್ದ ಹಾಗೆಯೇ ಅದಕ್ಕೊಂದು ಹಾಕಿ ತೋರಿಸಿದ.

ಬರೆದೆ: ಅಕ್ಷರ ಕೂಡಿಸಲಿಲ್ಲ. ಚಿತ್ರ ನೋಡಿ ಊಹಿಸಿದ.
ಕಂಡದ್ದು ಅದೇ.

ಕಾರಿಡಾರಿನಲ್ಲಿ ಮಿಸ್ ಓಲ್ಡ್‌ರಾಯ್ಡ್, ಬಣ್ಣ ಒಣಗದ ಕೈ,
"ನನ್ನ ಪಾಠ ಹೇಗಿತ್ತು?"
ಒಂದೊಂದು ಪಾಠಕ್ಕೆ ಅಂಕ ಕೊಡುವುದಿಲ್ಲ ಎಂದೆ,
ಕಲಿಸಿಕೊಟ್ಟಂತೆ, ಕಲಿಸಿಕೊಟ್ಟ ದನಿಯಲ್ಲಿ.
ಚೆನ್ನಾಗಿತ್ತು. ಅವಳ ಪಾಠ ಚೆನ್ನಾಗಿತ್ತು.

ಸಂಜೆ ಬಾಗಿಲು ಹಾಕಿ ಗ್ಲೆನಿಸ್ ಕೇಳಿದಳು: ಪುರಾವೆ?
ಒಂಬತ್ತರಲ್ಲಿ ಆರು ಊಹೆ, ಎಂದೆ.
ಥ್ಯೂಲಿಸ್ ಮೂಲೆಯಲ್ಲಿ ಕೂತು ಬರೆದುಕೊಂಡ,
ಆರು ಎಂಬುದರ ಕೆಳಗೆ ಎರಡು ಗೆರೆ ಎಳೆದ.
ಆ ಆರರಲ್ಲಿ ಒಬ್ಬನಿಗೆ ತಾತನಿದ್ದಾನೆ ಎಂದು
ಹೇಳುವುದಕ್ಕೆ ಬಾಯಿ ತೆರೆದೆ,
ಗ್ಲೆನಿಸ್ ಆಗಲೇ ಗಣಿತಕ್ಕೆ ಹೋಗಿದ್ದಳು.

ನನ್ನ ಶಾಲೆಗೂ ಈ ಚಳಿಗಾಲವೇ ಫೋನು ಬರಬಹುದು.
ಬೇರಾವ ದಿನಗೂಲಿಯೋ ನನ್ನ ಪಟ್ಟಿ ಕೇಳುತ್ತಾನೆ,
ನನ್ನ ಮಕ್ಕಳ ಎದುರು ಕೂತು ಬಾಯಿ ಮುಚ್ಚಿ ಕಾಯುತ್ತಾನೆ.

ಕಾರಿನೊಳಗೆ ದೀಪ ಹಾಕಿ ಲೆಕ್ಕದ ನಮೂನೆ ತುಂಬಿದೆ:
ಎಪ್ಪತ್ನಾಲ್ಕು ಮೈಲಿ. ಒಂದು ಸ್ಯಾಂಡ್‌ವಿಚ್, ನನ್ನದೇ ದುಡ್ಡು.
ಪಡೆದ ಉಡುಗೊರೆ: ಇಲ್ಲ.
ಆಮೇಲೆ ಪಟ್ಟಿಯ ಗಂಟಿಗೆ ಉಗುರು ಹಾಕಿದೆ,
ಎಡಗೈಯದು, ಬಲಗೈಯದು.
ಆರು ವರ್ಷದವನು ಹಾಕಿದ್ದು,
ಬಿಚ್ಚಲಾಗಲಿಲ್ಲ.