ಮುನ್ನೂರು ಗ್ರಾಂ

ಎರಡರ ಕೊರಳಲ್ಲೂ ಒಂದೇ ಬರಹ: ೩೦೦ ಗ್ರಾಂ.
ಇನ್‌ಫೆಂಟ್ರಿ ರಸ್ತೆಯ ಮೆಟ್ಟಿಲ ಕೆಳಗೆ ಕೂತು
ತಂತಿ ಬಿಗಿಯುವ ಜಬೀವುಲ್ಲಾ ಸಾಹೇಬರು
ಓದುವುದಿಲ್ಲ, ತೂಗುತ್ತಾರೆ,
ಅವೆನ್ಯೂ ರಸ್ತೆಯಲ್ಲಿ ಕೊಂಡ ಅಕ್ಕಸಾಲಿ ತಕ್ಕಡಿಯಲ್ಲಿ.

ಒಂದು ಮುನ್ನೂರಾರು.
ಇನ್ನೊಂದು ಇನ್ನೂರ ತೊಂಬತ್ತೈದು.

ಒಂದು ತೊಲಕ್ಕೆ ಚೂರೇ ಕಮ್ಮಿ.
ಚಿನ್ನವಾಗಿದ್ದರೆ ಬೀದಿಜಗಳ ಆಗಿರೋದು.

ಮೊನ್ನೆ ಕಬ್ಬನ್ ಪಾರ್ಕಿನ ಕೋರ್ಟಿನಲ್ಲಿ
ಒಂದರ ತಂತಿ ಹರಿದು ಇನ್ನೊಂದು ಹಿಡಿದೆ;
ಆಮೇಲೆ ಚೆಂಡೆಲ್ಲ ಗೆರೆಯಾಚೆ.
‘ಮಣಿಕಟ್ಟು ಸಡಿಲ’ ಅಂದರು ಕೋಚ್.
ವಾರವಿಡೀ ಅದನ್ನು ಬೈದೆ,
ತುಂಬಿದ ಬಾಟಲಿ ಎತ್ತಿಸಿ ದಂಡಿಸಿದೆ.
ಪಾಪ,
ಸರಿಯಾಗಿ ತೂಗಿದ್ದು ಅದೊಂದೇ.

ಸಾಹೇಬರು ಸೀಸದ ಪಟ್ಟಿ ಕತ್ತರಿಸಿ
ಹಗುರಾದ್ದರ ತಲೆಗೊಂದಿಷ್ಟು, ಹಿಡಿಗೊಂದಿಷ್ಟು ಅಂಟಿಸಿ
ಪೆನ್ಸಿಲ್ ಮೇಲೆ ಅಡ್ಡ ಮಲಗಿಸಿ
ಉಸಿರು ಹಿಡಿದರು.

‘ಇವೆರಡರಲ್ಲಿ ಯಾವುದು ಸರಿ?’
‘ಯಾವುದೂ ಅಲ್ಲಮ್ಮ. ಮುನ್ನೂರು ಬರೀ ಬಣ್ಣ.
ಇದು ಅದರ ಹಾಗಾಗಲಿ, ಸಾಕು.’

ವಾಪಸ್ ಬರುವಾಗ ಬಸ್ಸಿನಲ್ಲಿ
ಕಣ್ಣು ಮುಚ್ಚಿ
ಎರಡನ್ನೂ ಒಂದೊಂದು ಕೈಲಿ ಎತ್ತಿ ನೋಡಿದೆ,
ಅದಲು ಬದಲು ಮಾಡಿ ಮತ್ತೆ ನೋಡಿದೆ.
ಕಂಡಕ್ಟರ್ ಎರಡು ಸಲ ಚಿಲ್ಲರೆ ಕೇಳಿದ.