ತೂತಿಲ್ಲದ ಸೆಟ್ಟು

ತೀನ್ ಕಂದೀಲಿನ ಹತ್ರ, ಚಪ್ಪಲಿ ಅಂಗಡಿಗೂ
ಸೋಡಾ ಬಂಡಿಗೂ ನಡುವ, ನಾಕು ಫೂಟು ಜಾಗ ನಂದು.
ಗಲ್ಲೆದ ಕೆಳಗ ಒಂದು ಬಿಸ್ಕೀಟು ಡಬ್ಬಿ;
ಅದರಾಗ ಸಿಮ್ಮು ಮುರಕೊಂಡ ಕಾರ್ಡಿನ ಚೌಕಟ್ಟು,
ಹಲ್ಲು ಬಿದ್ದ ಬಾಯಿ ಹಂಗ, ಸಾವಿರಗಟ್ಲೆ.
ಯಾಕ ಇಟ್ಟೀ ಅಂತ ಹೆಂಡ್ತಿ ಕೇಳ್ತಾಳ.
ಚಪ್ಪಲಿ ಕೆಸರು ಕೆರೀಲಾಕ ಬರ್ತದ ಅಂತೀನಿ.
ರಾಯಚೂರಾಗ ಕೆಸರು ಎಷ್ಟು ದಿನ ಇರ್ತದ, ಆಕಿಗೂ ಗೊತ್ತು.

ಮೊದಲ ಸಿಮ್ಮು ಹೆಬ್ಬೆರಳಿನಷ್ಟು.
ಸಣ್ಣದು ಮಾಡು ಅಂದ್ರು.
ಹೈದರಾಬಾದದಿಂದ ಕಟರ್ ತಂದೆ,
ಕಟಕ್. ಐದು ರೂಪಾಯಿ.
ಇನ್ನಾ ಸಣ್ಣದು ಅಂದ್ರು. ಕಟಕ್. ಹತ್ತು.
ಒಂದು ಕೂದಲೆಳಿ ತಪ್ಪಿದ್ರ ಚಿನ್ನಕ್ಕ ಹಲ್ಲು ತಾಗಿ
ಇಡೀ ಒಬ್ಬ ಮನುಷ್ಯ ಊರು ಬಿಟ್ಟಂಗ.
ಕೊಯ್ದು ಕೊಯ್ದು ಕಿರುಬೆರಳಿನ ಉಗುರಿಗೆ ತಂದಿದ್ದೆ;
ಈಗ ಅಂತಾರ, ಅದೂ ಬ್ಯಾಡ.

ಒಂದು ಕಾಲಕ್ಕ ಶಕ್ತಿನಗರದ ಸೇತುವಿ ಮ್ಯಾಲ
ಬಸ್ಸು ಕೃಷ್ಣಾ ದಾಟೂದರಾಗ
ಅರ್ಧ ಮಂದಿ ಬ್ಯಾಟರಿ ಬಿಚ್ಚಿ ತೊಡಿ ಮ್ಯಾಲ ಇಟ್ಕೊಂಡಿರ್ತಿದ್ರು.
ಈ ದಂಡಿಗೆ ಕರ್ನಾಟಕದ್ದು, ಆ ದಂಡಿಗೆ ಆಂಧ್ರದ್ದು.
ಡ್ರೈವರ ಗಕ್ಕನ ಬ್ರೇಕ್ ಹಾಕಿದನಂದ್ರ
ಸೀಟಿನ ಕೆಳಗ ಎಲ್ಲಾರೂ ಮಣಕಾಲೂರಿ,
ನಮಾಜೂ ಅಲ್ಲ, ಪೂಜೀನೂ ಅಲ್ಲ,
"ಅಣ್ಣಾ ಕಾಲೆತ್ತು, ನನ್ನ ನಂಬರ ಅಲ್ಲದ."

ಮಕಬೂಲಬೀ ಉಮ್ರಾಕ್ಕ ಹೊಂಟಾರ.
ಅಳಿಯ ಫೋನಿಗೆ ಚಿತ್ರ ಕಳಸ್ಯಾನ, ಕರಿ-ಬಿಳಿ ಚುಕ್ಕಿ,
ರಂಗೋಲಿ ಮ್ಯಾಲ ಕೋಳಿ ಓಡಿದಂಗ.
ಅದು ಬಂದಿದ್ದೂ ಅದೇ ಫೋನಿಗೆ, ನೋಡಬೇಕಾದ್ದೂ ಅದೇ ಫೋನು;
ತನ್ನ ಮಾರಿ ತಾ ಹ್ಯಾಂಗ ನೋಡ್ಕೊಂಡೀತು?
ನನ್ನ ಸೆಟ್ಟಿಗೆ ತರಿಸಿ, ಕನ್ನಡಿ ಹಿಡದಂಗ ಹಿಡದೆ.
ಗಪ್ಪನ ನುಂಗ್ತು.
"ಇಲ್ಲೀ ಕಾರ್ಡು ಒಳಗ ಹಂಗೇ ಇರಲಿ, ತೆಗೀಬ್ಯಾಡ್ರಿ.
ಹೋದ ವರ್ಷ ಒಬ್ರು ಅಲ್ಲಿ ಹೊಸದು ಕೊಂಡು
ಹಳೇದನ್ನ ರುಮಾಲಿಗೆ ಕಟ್ಟಿ, ರುಮಾಲು ಒಗ್ಯಾಕ ಹಾಕಿದ್ರು.
ಬ್ಯಾಂಕಿನ ಓಟಿಪಿ ಇನ್ನಾ ಆ ಮೋರ್ಯಾಗ ಬರ್ತಿರಬೇಕು."
ಅವರು ಫೋನು ಕಿವಿ ಹತ್ರ ಅಲ್ಲಾಡಿಸಿ ನೋಡಿದ್ರು.
"ಏನೂ ಹಾಕಲೇ ಇಲ್ಲಲ್ಲ ಬಾಬಾ. ಕಾಣಲಾರದ್ದನ್ನ ನಂಬೂದು ಹ್ಯಾಂಗ?"
ಅಂದವರೇ ತಟ್ಟನೆ ಬಾಯಿಗೆ ಸೆರಗು ಒತ್ತಿದ್ರು.
"ತೋಬಾ. ಹೊಂಟಿದ್ದು ಎಲ್ಲಿಗೆ, ಕೇಳೋದು ಏನು."

ಬೂದೆಮ್ಮ ಹತ್ತಿ ಮಿಲ್ಲಿನಾಕಿ.
ಆಕಿಗೂ ನೆಗೆಣ್ಣಿ ತಿಮ್ಮಕ್ಕಗೂ ಕೂಡಿ ಒಂದು ಸೆಟ್ಟು, ಎರಡು ಸಿಮ್ಮು.
ಹಗಲು ಈಕೀದು, ರಾತ್ರಿ ಆಕೀದು.
ಪಾಳಿ ಮುಗಿದ್ರ ಬಳಿಗೆ ಸಿಗಿಸಿದ ಪಿನ್ನು ಬಿಚ್ಚಿ, ಚುಚ್ಚಿ,
ತನ್ನದನ್ನ ಎಲಿ ಚಂಚಿಯಾಗ ಇಟ್ಕೊಂಡು ನಡೀತಾಳ.
ಆ ಸೆಟ್ಟು ಮೊನ್ನೆ ಸತ್ತದ.
ಮಾಲಕರ ಮನಿಯಾಗ ಹೊರದೇಶದ್ದೊಂದು ಕೊಟ್ಟಾರ,
ಮಿರಮಿರ ಮಿಂಚ್ತದ.
ಸುತ್ತಾ ಬೆರಳಾಡಿಸಿ ಬಂದಾಳ, ತೂತಿಲ್ಲ.
"ಎಲ್ಲಿ ಚುಚ್ಚಲಿ?"
ಚುಚ್ಚೋದೇ ಇಲ್ಲವ್ವ, ಇಬ್ಬರ ನಂಬರೂ ಒಳಗ ಇಳಸ್ತೀನಿ ಅಂದೆ.
ಆಕಿ ಹೊತ್ತು ತಗೊಂಡ್ಲು.
ಸುಣ್ಣದ ಡಬ್ಬಿ ತೆಗದ್ಲು. ಮುಚ್ಚಿದ್ಲು.
"ರಾತ್ರಿ ಸೆಟ್ಟು ಆಕಿ ಕಡೆ ಹೋದ್ರ
ಒಳಗ ನಾನೂ ಹೋಗ್ತೀನಲ್ಲಪಾ?"

ಇಪ್ಪತ್ತು ವರ್ಷದ ದಂಧಾ.
ಇದಕ್ಕ ಉತ್ರ ಯಾ ಕಂಪನಿಯವನೂ ಕಲಿಸಿಲ್ಲ.

ಮಿಂಚೂದನ್ನ ವಾಪಸ್ ಕೊಡ್ತೀನಂದ್ಲು.
ಗಾಜು ಸೀಳಿದ ಹಳೇದೊಂದು ತೋರಿಸಿದೆ, ತೂತಿದ್ದದ್ದು,
ವಾರಕ್ಕ ಇನ್ನೂರು.
ಚಂಚಿಯಾಗಿನ ಸಿಮ್ಮಿಗೆ ಸುಣ್ಣ ಹತ್ತಿತ್ತು;
ಉಗುಳು ಹಚ್ಚಿ ಸೆರಗಿಲೆ ಒರಸಿದ್ಲು, ಮಗುವಿನ ಮೂಗು ಒರಸಿದಂಗ.
ನಾ ಬಗ್ಗಿ ಬಿಸ್ಕೀಟು ಡಬ್ಬಿ ತೆಗದೆ.
ಕೆಂಪು ಚೌಕಟ್ಟೊಂದು, ನೀಲೀದೊಂದು.
ಇದರಾಗ ಇಡವ್ವ, ಕಳಿಯಂಗಿಲ್ಲ, ಸುಣ್ಣ ಹತ್ತಂಗಿಲ್ಲ,
ಯಾರದು ಯಾವುದು ಕತ್ಲಾಗ ತಪ್ಪಿದ್ರೂ ಬೆಳಕಿಗೆ ಗೊತ್ತಾಗ್ತದ.
ಒತ್ತಿದ್ಲು. ಖಟ್ ಅಂತ ಕೂತ್ತು.

"ಎಷ್ಟು?"
ಏನಿಲ್ಲ.
"ಹಂಗ ಬ್ಯಾಡ" ಅಂದು ಗಲ್ಲೆದ ಮ್ಯಾಲ ಅರ್ಧ ಅಡಕಿ ಇಟ್ಟು ಹೋದ್ಲು.

ಅದನ್ನ ದವಡೀಗೆ ಹಾಕೂದ್ರಾಗ ಫೋನು ಒಂದೇ ಸಲ ಹೊಡದು ನಿಂತ್ತು.
ಉದ್ದನ್ನ ನಂಬರ, ಜೆಡ್ಡಾದ್ದು.
ಮುಟ್ಟ್ಯಾರ.